ಬಿಳಿಗೆರೆ ಮೆರವಣಿಗೆಯ ಬಣ್ಣದ ಕಾಯಿ

ಹೇಳಿಕೆ ಕೊಡುವವರು: ಮೋಹನ್ ಕುಮಾರ್ ಬಿನ್ ಶ್ರೀರಂಗಯ್ಯ, 44 ವರ್ಷ, ತೆಂಗಿನ ತೋಟ ಮತ್ತು ಕಾಯಿ ವ್ಯಾಪಾರ, ವಾಸ ಬಿಳಿಗೆರೆ, ತಿಪಟೂರು ತಾಲ್ಲೂಕು.

ಯಾರೂ ಕರೆಸದೆ ನಾನೇ ಠಾಣೆಗೆ ಬಂದು ಬರೆಸುತ್ತಿರುವುದೇನೆಂದರೆ, ನಿನ್ನೆ ನಮ್ಮೂರಿನ ಗಣಪತಿ ಮೆರವಣಿಗೆಯಲ್ಲಿ ನನ್ನ ಅತ್ತಿಗೆ ಪುಟ್ಟಗೌರಮ್ಮನವರಿಗೆ ಪೆಟ್ಟಾದದ್ದಕ್ಕೆ ಟ್ರ್ಯಾಕ್ಟರ್ ಚಾಲಕ ನಾಗಭೂಷಣ ಕಾರಣನಲ್ಲ. ನಾನು ಕಾರಣ.

ಅಮೆರಿಕದ ನ್ಯೂ ಆರ್ಲಿಯನ್ಸ್ ಎಂಬ ಊರಿನಲ್ಲಿ ಮಾರ್ಡಿ ಗ್ರಾ ಎಂಬ ಹಬ್ಬ ನಡೆಯುತ್ತದೆ. ಅದರ ಮೆರವಣಿಗೆಯಲ್ಲಿ ಬಣ್ಣ ಬಳಿದು ಮಿಂಚು ಹಚ್ಚಿದ ತೆಂಗಿನಕಾಯಿಯನ್ನು ಜನರಿಗೆ ಕೊಡುವುದನ್ನು ಮೊಬೈಲಿನಲ್ಲಿ ನೋಡಿದೆ. ಒಂದು ಕಾಯಿಗಾಗಿ ಅಲ್ಲಿನವರು ಕೈಚಾಚಿ ಕೂಗುತ್ತಿದ್ದರು. ತೆಂಗಿನ ಸೀಮೆಯವರು ನಾವು, ಹೆಸರು ಅವರಿಗಾ ಎಂದು ನನಗೆ ಹೊಟ್ಟೆ ಉರಿಯಿತು. ಈ ಸಲ ನಾವೂ ಮಾಡೋಣ ಎಂದು ಗಣಪತಿ ಸಮಿತಿಯವರನ್ನು ಒಪ್ಪಿಸಿ ಒಂದು ಮೂಟೆ ಸುಲಿದ ಕಾಯಿಗೆ ಬಣ್ಣ ಹೊಡೆಸಿದೆ. ನನ್ನ ಮಗಳು ನಯನ ಬಣ್ಣ ಹಚ್ಚುತ್ತಲೇ, ಅಲ್ಲೂ ಮೊದ್ಲು ಎಸೆದು ಜನಕ್ಕೆ ಪೆಟ್ಟಾಗಿ ಈಗ ಕೈಗೇ ಕೊಡ್ತಾರೆ ಕಣಪ್ಪ, ನೀನೂ ಕೈಗೇ ಕೊಡು ಎಂದಳು. ಬಿಳಿಗೆರೇಲಿ ಕಾಯಿ ಹಿಡಿಯಾಕೆ ಬರ್ದೇ ಇರೋರು ಯಾರವ್ರೆ ಬುಡು ಎಂದು ನಾನು ನಕ್ಕೆ.

ಸಂಜೆ ಸುಮಾರು ಐದೂವರೆಗೆ ಮೆರವಣಿಗೆ ನಮ್ಮ ಮನೆ ಮುಂದೆ ಬಂತು. ನಾನು ಟ್ರೈಲರಿನಲ್ಲಿ ಗಣಪತಿಯ ಪಕ್ಕ ನಿಂತಿದ್ದೆ. ಅತ್ತಿಗೆ ಹತ್ತು ಅಡಿ ದೂರದಲ್ಲಿ ಕೆಳಗಿದ್ದರು. ಮದುವೆಯಾಗಿ ಬಂದಾಗಿನಿಂದ ತೋಟದಲ್ಲಿ ನಾನು ಎಸೆದ ಕಾಯಿ ಹಿಡಿದು ರಾಶಿ ಹಾಕುವವರು ಅವರೇ. ಒಂದನ್ನೂ ಬಿಟ್ಟವರಲ್ಲ. ಎಸೆಯುವ ಮೊದಲು ಹಾ ಎಂದು ಕೂಗುವುದು ನಮ್ಮ ರೂಢಿ. ನಿನ್ನೆ ತಮಟೆ ಸದ್ದು, ಊರೆಲ್ಲ ನನ್ನನ್ನೇ ನೋಡುತ್ತಿದೆಯೆಂಬ ಜಂಬ, ನಾನು ಕೂಗಲಿಲ್ಲ. ಚಿನ್ನದ ಬಣ್ಣದ ಕಾಯಿಯನ್ನು ಅತ್ತಿಗೆಯತ್ತ ಎಸೆದೆ. ಕೈಬಿಟ್ಟ ಮೇಲೆ ನೋಡಿದರೆ ಅವರು ಕಣ್ಣು ಮುಚ್ಚಿ ದೇವರಿಗೆ ಕೈ ಮುಗಿದಿದ್ದರು.

ಕಾಯಿ ಎಡಗಣ್ಣಿಗೆ ಬಡಿದು ಅತ್ತಿಗೆ ಬಿದ್ದರು. ಗದ್ದಲದಲ್ಲಿ ನಾನು ಎಸೆದದ್ದನ್ನು ಯಾರೂ ಗಮನಿಸಿರಲಿಲ್ಲ; ಟ್ರ್ಯಾಕ್ಟರ್ ಜಗ್ಗಿ ಮೂಟೆಯಿಂದ ಕಾಯಿ ಹಾರಿತು ಎಂದು ಯಾರೋ ಕೂಗಿದರು. ನಾಲ್ಕಾರು ಜನ ನಾಗಭೂಷಣನನ್ನು ಕೆಳಗೆಳೆದು ಹೊಡೆದರು. ಅವನು ನನ್ನ ಕಡೆ ತಿರುಗಿ, ನೀವಾದ್ರೂ ಹೇಳಿ ಮೋಹನಣ್ಣ ಎಂದ. ನಾನು ಹೇಳಲಿಲ್ಲ. ಬಣ್ಣ ಅಂಟಿದ್ದ ಕೈಯನ್ನು ಪಂಚೆಗೆ ಒರೆಸಿಕೊಂಡು ನಿಂತೆ. ಇದನ್ನು ಬರೆಸಲು ನಾಚಿಕೆಯಾಗುತ್ತದೆ, ಆದರೂ ಬರೆದುಕೊಳ್ಳಿ ಎಂದಿದ್ದೇನೆ.

ಇಂದು ಬೆಳಿಗ್ಗೆ ಆಸ್ಪತ್ರೆಯಲ್ಲಿ ಅತ್ತಿಗೆಗೆ ಎಚ್ಚರವಾಯಿತು. ಎಡಗಣ್ಣು ಉಳಿಯುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದು ಡಾಕ್ಟರು ಹೇಳಿದ್ದಾರೆ. ಎಸೆದವನು ನಾನೇ ಎಂದು ಅತ್ತಿಗೆಗೆ ತಿಳಿಸಿದೆ. ಅವರು ಬೈಯಲಿಲ್ಲ. ಕೈ ಮುಗ್ದಿದ್ದೆ ಕಣಪ್ಪ, ಇಲ್ದಿದ್ರೆ ಹಿಡ್ಕತಿದ್ದೆ ಎಂದು ತಾವೇ ತಪ್ಪು ಮಾಡಿದವರಂತೆ ಹೇಳಿದರು. ಅಲ್ಲಿಂದ ನೇರ ಠಾಣೆಗೆ ಬಂದಿದ್ದೇನೆ.

ನಿನ್ನೆಯಿಂದ ಇಲ್ಲಿ ಕೂರಿಸಿರುವ ನಾಗಭೂಷಣನನ್ನು ಬಿಟ್ಟು, ನನ್ನ ಮೇಲೆ ಕಾನೂನಿನಂತೆ ಕ್ರಮ ಜರುಗಿಸಬೇಕೆಂದು ಕೋರುತ್ತೇನೆ.

ಬರೆಸಿದ್ದನ್ನು ನನಗೂ, ಬೆಂಚಿನ ಮೇಲೆ ಕುಳಿತಿದ್ದ ನಾಗಭೂಷಣನಿಗೂ ಕೇಳುವಂತೆ ಓದಿ ಎಂದು ನಾನೇ ಕೇಳಿಕೊಂಡೆ. ಓದಿದರು. ಎಲ್ಲವೂ ನಿಜ. ಅವನು ತಲೆ ಎತ್ತಿ ನನ್ನನ್ನು ನೋಡಲಿಲ್ಲ.

ಸ್ಥಳ: ತಿಪಟೂರು
ದಿನಾಂಕ: 15-09-2025
ಸಹಿ: ಮೋಹನ್ ಕುಮಾರ್