ನೋಡೀನಿ ಅಂದ ರಿಪೇರಿಗಾರ

ಒಂದು ಪಟ್ಟಣದಲ್ಲಿ ಗುರುಶಾಂತಪ್ಪ ಅಂತ ಒಬ್ಬ ರಿಪೇರಿಗಾರ. ದೊಡ್ಡ ಹೆಸರು. ಅವನ ಕೈ ಬಿದ್ದರೆ ಕೆಟ್ಟು ಕೂತ ಟಿವಿಯೂ ಎದ್ದು ಮಾತಾಡ್ತದೆ ಅಂತಿದ್ರು ಜನ. ಅವನೂ ಹಾಗೇ ಅಂದುಕೊಂಡಿದ್ದ, ನೋಡಿ. ಅಲ್ಲೇ ಕೆಟ್ಟಿತು.

ಒಂದಿನ ಹಾಲಮ್ಮ ಅನ್ನೋ ಹೆಣ್ಣುಮಗಳು ಆಟೋದಲ್ಲಿ ಆಕ್ಸಿಜನ್ ಮಷೀನು ತಂದಳು. ಗಂಡನ ಶ್ವಾಸಕೋಶ ಕೆಟ್ಟಿತ್ತು. ಆ ಮಷೀನೇ ಅವನ ಉಸಿರು. "ಬಾಡಿಗೆ ಸಿಲಿಂಡರು ಸಂಜೆಗೆ ಮುಗೀತದಣ್ಣಾ" ಅಂದಳು.

ಗುರುಶಾಂತಪ್ಪ ಪವರ್ ಸಪ್ಲೈ ಬಿಚ್ಚಿದ. ಒಳಗೆ ಕೆಪಾಸಿಟರುಗಳು, ಕರೆಂಟು ಹಿಡಿದಿಟ್ಟುಕೊಳ್ಳೋ ಡಬ್ಬಿಗಳು. ಒಂದು ಉಬ್ಬಿತ್ತು, ಬದಲಾಯಿಸಿದ. ಪಕ್ಕದ ದೊಡ್ಡದು ನೋಡೋಕೆ ನೆಟ್ಟಗಿತ್ತು. ಕೈಮೀಟರು ಹಿಡಿದ, ಅಳತೆ ಸರಿಯಾಗೇ ತೋರಿಸ್ತು. ಆದ್ರೆ ಕೈಮೀಟರಿನ ಬ್ಯಾಟರಿ ಎಷ್ಟರದ್ದು? ಅಷ್ಟಕ್ಕೆ ಸೋರದೇ ಇದ್ದದ್ದು ಮನೆ ಕರೆಂಟಿನ ಹೊಡೆತಕ್ಕೆ ಸೋರಬಹುದಲ್ಲ? ಪೂರ್ತಿ ವೋಲ್ಟೇಜ್ ಕೊಟ್ಟು, ಸ್ವಲ್ಪ ಹೊತ್ತು ಕಾದು, ಸೋರಿಕೆ ನೋಡಬೇಕು. ಅವನಿಗೆ ಗೊತ್ತಿರಲಿಲ್ವಾ? ಗೊತ್ತಿತ್ತು! ಅದಕ್ಕೆ ಬೇಕಾದ ಟೆಸ್ಟರು ಕಪಾಟಿನಲ್ಲೇ ಇತ್ತು! ಆದ್ರೆ ಅವತ್ತು ವರ್ತಕರ ಸಂಘದಲ್ಲಿ ಅವನಿಗೆ ಸನ್ಮಾನ. ಆಗಲೇ ತಡವಾಗಿತ್ತು.

"ಎಲ್ಲಾ ನೋಡಿದ್ರಾ ಅಣ್ಣಾ?"

"ಎಲ್ಲಾ ನೋಡೀನಿ. ಧೈರ್ಯವಾಗಿ ತಗೊಂಡು ಹೋಗವ್ವಾ."

ನೋಡೀನಿ ಅಂದ! ನೋಡಿರಲಿಲ್ಲ.

ಮರುದಿನ ಮಧ್ಯಾಹ್ನ ಆ ದೊಡ್ಡ ಡಬ್ಬಿ ಸೋರಿ, ಕಾದು, ಫ್ಯೂಸ್ ಹಾರಿ ಮಷೀನು ನಿಂತಿತು. ತುಟಿ ನೀಲಿಗಟ್ಟಿದ ಗಂಡನನ್ನು ಅಕ್ಕಪಕ್ಕದವರು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಜೀವ ಉಳೀತು. ಅಷ್ಟೇ, ಉಳೀತು.

ಹಾಲಮ್ಮ ಮಷೀನನ್ನು ತಂದು ಅವನ ಮೇಜಿನ ಮೇಲಿಟ್ಟಳು.

"ನಿಮ್ಮನೆ ಕರೆಂಟೇ ಸರಿಯಿಲ್ಲವ್ವಾ" ಅಂದ. ಕೇಳಿದಿರಾ ಮಾತು?

ಅವಳು ಕೂಗಾಡಲಿಲ್ಲ. "ಹಂಗಾದ್ರೆ ನನ್ನೆದುರಿಗೇ ನೋಡಿ" ಅಂತ ಸ್ಟೂಲಿನ ಮೇಲೆ ಕೂತಳು.

ಈಗ ಟೆಸ್ಟರು ಇಳಿಸಲೇಬೇಕಾಯ್ತು. ಆ ದೊಡ್ಡ ಡಬ್ಬಿಗೆ ಪೂರ್ತಿ ವೋಲ್ಟೇಜ್ ಕೊಟ್ಟ. ಸೋರಿಕೆ ತೋರಿಸೋ ಮುಳ್ಳು ಇಳೀಬೇಕಿತ್ತು, ಏರ್ತಾ ಹೋಯ್ತು. ಗುರುಶಾಂತಪ್ಪ ಟೆಸ್ಟರು ಆಫ್ ಮಾಡಿದ. "ಕರೆಂಟಿನ ತಪ್ಪಲ್ಲವ್ವಾ. ನಾನು ಇದನ್ನ ನೋಡೇ ಇರಲಿಲ್ಲ."

"ಮತ್ತೆ ನೋಡೀನಿ ಅಂತ ಯಾಕಂದ್ರಿ?"

ಹಾಲಮ್ಮ ಮಷೀನು ಎತ್ತಿಕೊಂಡು ಬೇರೆ ಅಂಗಡಿಗೆ ನಡೆದಳು.

ಅಯ್ಯೋ ಪಾಪ ಅಂತ ಯಾರೋ ಅಂದ್ರಲ್ಲ? ಯಾರು ಪಾಪ? ಇಲ್ಲಿ ಪ್ರವಚನ ಕೇಳೋಕೆ ಕೂತಿರೋರಲ್ಲಿ ತಾರೀಖು ನೋಡದೇ ಮಾತ್ರೆ ಕೊಡೋರಿಲ್ವಾ? ಬ್ರೇಕು ತುಳಿದು ನೋಡದೇ ಶಾಲೆ ಮಕ್ಕಳನ್ನ ವ್ಯಾನಿಗೆ ಹತ್ತಿಸೋರಿಲ್ವಾ? ನೀರಿನ ಟ್ಯಾಂಕಿನ ಮುಚ್ಚಳವನ್ನೇ ತೆಗೀದೆ "ತೊಳೆಸೀವಿ" ಅಂದವರು ಮುಂದಿನ ಸಾಲಿನಲ್ಲೇ ಇದ್ದೀರಿ!

ನಾಳೆ ನಿಮ್ಮನ್ನೂ ಯಾರಾದ್ರೂ ಕೇಳ್ತಾರೆ, ನೋಡಿದ್ರಾ ಅಂತ. ನೋಡಿದ್ರೆ ಹೌದು ಅನ್ನಿ. ನೋಡಿಲ್ವಾ? ಇಲ್ಲ ಅನ್ನಿ, ಎದ್ದು ಹೋಗಿ ನೋಡಿ ಬನ್ನಿ. ಇಷ್ಟೂ ಆಗಲ್ಲ ಅನ್ನೋರು ಪ್ರವಚನ ಮುಗಿದ ಮೇಲೆ ನನ್ನ ಕಾಲಿಗೆ ಬೀಳೋಕೆ ಬರಬೇಡಿ.