ಒಂದೇ ಎತ್ತರದ ಪೈಲ್ವಾನರು

ಚನ್ನಪಟ್ಟಣ ಬಸ್ ಸ್ಟ್ಯಾಂಡಿನಲ್ಲಿ ಹಾರೋಹಳ್ಳಿ ಬಸ್ಸಿಗೆ ಕಾದು ಕಾದು ಸಾಕಾಗಿತ್ತು. ಪಕ್ಕದಲ್ಲಿ ಇಬ್ಬರು ಕೂತಿದ್ದರು. ಚಿಕ್ಕರಾಜು, ಮನೋಹರ ಅಂತ ಮಾತಿನಲ್ಲೇ ಗೊತ್ತಾಯಿತು. ಚಿಕ್ಕರಾಜು ಚೀಲದಿಂದ ಎರಡು ಪೈಲ್ವಾನ್ ಗೊಂಬೆ ತೆಗೆದು ಬೆಂಚಿನ ಮೇಲೆ ನಿಲ್ಲಿಸಿದ.

“ನೋಡ್ಲಾ. ಇದು ನಮ್ ಕಂಪನೀದು. ಇದು ಸಂತೇಲಿ ಸಿಕ್ಕಿದ ನಕಲಿ ಮಾಲು. ಇವತ್ತು ಮ್ಯಾನೇಜರ್ ಕೇಳೋದು ನನ್ನೇ ತಾನೆ?”

“ಯಾವನೋ ಅಂಗಡೀಲಿ ಒಂದು ತಕ್ಕೊಂಡು ಅಚ್ಚು ತೆಗ್ದವ್ನೆ, ಬುಡು.”

“ಹಂಗಾಗಿದ್ರೆ ಇದು ನಮ್ದಕ್ಕಿಂತ ಒಸಿ ಗಿಡ್ಡ ಇರ್ಬೇಕಿತ್ತು. ಅಚ್ಚಿಗೆ ಹುಯ್ದಾಗೆಲ್ಲ ರೆಸಿನ್ ಪಾಕ ಆರ್ತಾ ಕುಗ್ತೈತೆ. ನಿಂಗೊತ್ತಿಲ್ವಾ?”

“ಗೊತ್ತು.”

“ಎರಡೂ ಒಂದೇ ಎತ್ತರ ಅವೆ. ನಾನ್ ಕೈಯಾರೆ ಕೆತ್ತಿದ ಮೊದಲ್ನೇ ಗೊಂಬೆಯಿಂದ್ಲೇ ಅಚ್ಚು ತೆಗ್ದವ್ರೆ ಕಣ್ಲಾ.”

“ಅದು ನಿನ್ ಬೀರುವಲ್ಲೇ ಇತ್ತಲ್ಲ.”

“ಇತ್ತು. ಬಣ್ಣ ನೋಡ್ತೀನಿ ಅಂತ ನೀನು ಮನೆಗೆ ತಕ್ಕೊಂಡೋಗಿದ್ದ ಭಾನುವಾರ ಒಂದ್ ಬುಟ್ಟು.”

“ಏನ್ಲಾ ನಿನ್ ಮಾತಿನ ಅರ್ಥ?”

“ನಾನೇನಂದೆ? ಭಾನುವಾರ ಅಂದೆ.”

“ನಮ್ಮನೇಗೆ ನೂರು ಜನ ಬತ್ತಾರೆ.”

“ಅವತ್ತು ಯಾರ್ ಬಂದಿದ್ರು?”

ಅಷ್ಟರಲ್ಲಿ ಬಸ್ಸು ಬಂತು. ಮನೋಹರ ಓಡಿ, ಕಿಟಕಿಯಿಂದ ಟವೆಲ್ ಎಸೆದು ಇಬ್ಬರಿಗೂ ಸೀಟು ಹಿಡಿದ. ಚಿಕ್ಕರಾಜು ನಿಧಾನವಾಗಿ ಹತ್ತಿ, ಆ ಟವೆಲ್ ಎತ್ತಿ ಅವನ ಕೈಗೆ ಕೊಟ್ಟು, ಚೀಲ ಎದೆಗವಚಿಕೊಂಡು ಹಿಂದೆ ಹೋಗಿ ನಿಂತ.

ಖಾಲಿ ಸೀಟಿನಲ್ಲಿ ನಾನು ಕೂತೆ. ಹಾರೋಹಳ್ಳಿ ಬರುವವರೆಗೂ ಮನೋಹರ ಆ ಟವೆಲ್ಲನ್ನು ಮಡಿಸುತ್ತಲೇ ಇದ್ದ.