ಅಂಬಿಗನ ಪಾಲು

ಸಾಗರದ ಬಸ್ ನಿಲ್ದಾಣದಲ್ಲಿ ತೀರ್ಥಹಳ್ಳಿ ಬಸ್ಸಿಗೆ ಕಾಯುತ್ತಿದ್ದ ಜಟ್ಟಿಂಗಪ್ಪ, ಪಕ್ಕದಲ್ಲಿ ಕೂತ ಇಬ್ಬರು ಹೆಂಗಸರ ಮಾತಿಗೆ ಕಿವಿಗೊಟ್ಟ.

“ಗುತ್ಯಮ್ಮಕ್ಕಾ, ಹುಬ್ಬಳ್ಳಿಯಿಂದ ಬೊಂಬಾಯಿ ತನಕ ರೈಲು, ಅಲ್ಲಿಂದ ಆಫ್ರಿಕಾಕ್ಕೆ ಹಡಗು! ಹೆದ್ರಿಕೆ ಆಗಲ್ವಾ?”

“ಮಗಳ ಬಾಣಂತನಕ್ಕೆ ಹೋಗೋಳಿಗೆ ಎಂಥ ಹೆದ್ರಿಕೆ ಬೆಳ್ಳಮ್ಮ? ಡ್ಯಾಮ್ ಕಟ್ಟೋಕೆ ಮುಂಚೆ ತುಂಬಿದ ಶರಾವತೀನ ದೋಣೀಲಿ ದಾಟಿದೋಳು ನಾನು.”

“ಈ ಗಂಟಿನಲ್ಲೇನು?”

“ಭತ್ತ. ಹಡಗಿನ ಅಂಬಿಗನಿಗೆ.”

“ಅಳಿಯ ಟಿಕೇಟು ತೆಗ್ಸಿದಾನಲ್ಲ!”

“ಅದು ಕಂಪನಿಗೆ ಹೋಯ್ತು. ಹೊಳೆ ದಾಟ್ಸೋನಿಗೆ ಸುಗ್ಗಿ ಸುಗ್ಗಿಗೂ ಭತ್ತ ಅಳೀತಿರ್ಲಿಲ್ವಾ? ಸಮುದ್ರ ದಾಟ್ಸೋನ್ನ ಬರಿಗೈಲಿ ಕಳಿಸ್ಲಾ?”

ಹುಬ್ಬಳ್ಳಿ ಬಸ್ಸು ಬಂತು. ಬೆಳ್ಳಮ್ಮ ಗಂಟನ್ನು ಎತ್ತಿದಳು. ಅದರ ಹಿಂದೆ ಅಷ್ಟೇ ದೊಡ್ಡ ಇನ್ನೊಂದಿತ್ತು. ಜಟ್ಟಿಂಗಪ್ಪ ತಾನೇ ಎದ್ದು ಅದನ್ನು ಹೊತ್ತು ತಂದುಕೊಟ್ಟ.

“ಇದು ಯಾರಿಗಮ್ಮಾ?”

“ಅದೂ ಅವನಿಗೇ ಮಾರಾಯ,” ಗುತ್ಯಮ್ಮ ಮೆಟ್ಟಿಲು ಹತ್ತುತ್ತ ಹೇಳಿದಳು. “ವಾಪಸ್ ದಾಟ್ಸೋದು ಬ್ಯಾಡ್ವಾ?”